ಪಾಠಶಾಲೆಗೂ ಕಾರ್ಖಾನೆಗೂ ನಂಟು ಬೆಸೆದ ಸರ್ ಎಂ.ವಿ.



ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆಯಬೇಕೆಂದು ಹೊರಟಾಗ ನಮಗೆ ಮೊದಲು ನೆನಪಾದವರು ಸರ್ ಎಂ. ವಿಶ್ವೇಶ್ವರಯ್ಯನವರು. ಮಂಡ್ಯ ಜಿಲ್ಲೆಯಲ್ಲಿ ಅವರ ಹೆಸರು ಕೇಳದ ಮನೆಯಿಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿಸಿದವರು ಅಂತ ಸಣ್ಣ ಹುಡುಗರೂ ಹೇಳ್ತಾರೆ. ಆದರೆ ಅವರು ಮಾಡಿದ ಇನ್ನೊಂದು ದೊಡ್ಡ ಕೆಲಸ ಅಷ್ಟಾಗಿ ಮಾತಿಗೆ ಬರುವುದಿಲ್ಲ. ವಿದ್ಯೆ ಕಲಿಸುವ ಕಾಲೇಜಿಗೂ ಅನ್ನ ಕೊಡುವ ಕಾರ್ಖಾನೆಗೂ ನಂಟು ಬೆಸೆದ ಕೆಲಸ ಅದು. ಐ.ಟಿ.ಐ., ಡಿಪ್ಲೊಮಾ, ಇಂಜಿನಿಯರಿಂಗ್ ಓದಿದ ಮಕ್ಕಳು ನಮ್ಮ ಹಲಗೂರು ಹೋಬಳಿಯಲ್ಲೂ ಇದ್ದಾರೆ. ಓದಿಗೆ ತಕ್ಕ ಕೆಲಸ ಸಿಗಲಿಲ್ಲವಲ್ಲಾ ಎಂದು ಕೊರಗುವ ತಂದೆತಾಯಿಗಳೂ ಇದ್ದಾರೆ. ಅವರೆಲ್ಲರಿಗೂ ಈ ಜೀವನದಿಂದ ತಿಳಿಯುವುದು ಇದೆ ಎಂದು ನಾವು ನಂಬಿದ್ದೇವೆ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ, 1861ರ ಸೆಪ್ಟೆಂಬರ್ 15ರಂದು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿಗೆ ಬಂದು, ಹುಡುಗರಿಗೆ ಮನೆಪಾಠ ಹೇಳಿಕೊಟ್ಟು ಹೊಟ್ಟೆ ಹೊರೆದುಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಇಂಜಿನಿಯರ್ ಆಗಬೇಕೆಂಬ ಆಸೆ ಇತ್ತು. ಆದರೆ ಮೈಸೂರು ಸಂಸ್ಥಾನದಲ್ಲಿ ಆಗ ಇಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಮದರಾಸಿಗೆ ಹೋಗಬೇಕು, ಇಲ್ಲವೇ ಪೂನಾಕ್ಕೆ ಹೋಗಬೇಕು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪೂನಾದ ವಿಜ್ಞಾನ ಕಾಲೇಜಿಗೆ ಸೇರಿ, 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಆ ವೇತನ ಬಾರದೆ ಹೋಗಿದ್ದರೆ ಏನಾಗುತ್ತಿತ್ತೋ ಬಲ್ಲವರಾರು!

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ಸೇರಿದರು. ಖಡಕ್‌ವಾಸ್ಲಾ ಕೆರೆಗೆ ನೀರಿನ ಒತ್ತಡಕ್ಕೆ ತಾನಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಅಳವಡಿಸಿ ಹೆಸರು ಮಾಡಿದರು. ಈ ನಡುವೆ 1898ರಲ್ಲಿ ಜಪಾನಿಗೆ ಹೋಗಿ ಬಂದರು. ಆ ದೇಶ ಶಿಕ್ಷಣವನ್ನೂ ಕೈಗಾರಿಕೆಯನ್ನೂ ಜೊತೆಜೊತೆಯಾಗಿ ಬೆಳೆಸುತ್ತಿದ್ದುದನ್ನು ಕಣ್ಣಾರೆ ಕಂಡರು. ಬರೀ ಪುಸ್ತಕ ಓದಿದವರಿಂದ ನಾಡು ಏಳಿಗೆಯಾಗುವುದಿಲ್ಲ, ಬರೀ ಕೈಕೆಲಸದಿಂದಲೂ ಆಗುವುದಿಲ್ಲ, ಎರಡೂ ಕೂಡಬೇಕು ಎಂಬುದು ಅವರ ಮನಸ್ಸಿನಲ್ಲಿ ಬೇರೂರಿತು.

1909ರಲ್ಲಿ ಅವರು ಮೈಸೂರಿಗೆ ಮುಖ್ಯ ಇಂಜಿನಿಯರ್ ಆಗಿ ಬಂದರು. ಇಲ್ಲಿಂದ ಮುಂದಿನ ಕಥೆಗೆ ನಮ್ಮ ತಾಲ್ಲೂಕಿನ ನೀರೇ ಸಾಕ್ಷಿ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಯಂತ್ರಗಳಿಗೆ ನೀರು ಸಾಲದು, ಗಣಿಯ ಕೆಲಸಕ್ಕೆ ಧಕ್ಕೆ. ಈ ಕೊರತೆ ನೀಗಿಸುವುದು, ಜೊತೆಗೆ ಮಂಡ್ಯ ಸೀಮೆಯ ಒಣಭೂಮಿಗೆ ನೀರು ಹರಿಸುವುದು, ಇವೆರಡೂ ಸೇರಿ ಕನ್ನಂಬಾಡಿಯ ಕೃಷ್ಣರಾಜಸಾಗರದ ಯೋಜನೆಯಾಯಿತು. 1911ರಲ್ಲಿ ಕೆಲಸ ಶುರುವಾಯಿತು. ಕಾರ್ಖಾನೆಗೆ ಬೇಕಾದ ವಿದ್ಯುತ್ತು, ರೈತನಿಗೆ ಬೇಕಾದ ನೀರು, ಎರಡನ್ನೂ ಒಂದೇ ಕಟ್ಟೆಯಲ್ಲಿ ಹಿಡಿದಿಟ್ಟ ತಲೆ ಅವರದು.

1912ರ ನವೆಂಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಮುಂದಿನ ಆರು ವರ್ಷ ಸಂಸ್ಥಾನದಲ್ಲಿ ಕೆಲಸದ ಸುಗ್ಗಿ. 1913ರಲ್ಲಿ ಮೈಸೂರು ಬ್ಯಾಂಕು, ಅದೇ ವರ್ಷ ಹೆಬ್ಬಾಳದ ವ್ಯವಸಾಯ ಶಾಲೆ ಮತ್ತು ಮಕ್ಕಳ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ತಾನು ಪೂನಾಕ್ಕೆ ಹೋಗಿ ಓದಬೇಕಾಯಿತು, ನಮ್ಮ ಸಂಸ್ಥಾನದ ಹುಡುಗರಿಗೆ ಆ ಪಾಡು ಬೇಡ ಎಂಬುದು ಈ ಕಾಲೇಜಿನ ಹಿಂದಿದ್ದ ಕಾಳಜಿ. ಇಂದು ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತು ಬೆಂಗಳೂರಿನ ಕೆ.ಆರ್. ವೃತ್ತದಲ್ಲಿ ನಿಂತಿರುವುದು ಇದೇ ಕಾಲೇಜು.

ಕಾಲೇಜು ತೆರೆದರೆ ಸಾಕೇ? ಓದಿದವನು ಎಲ್ಲಿ ದುಡಿಯಬೇಕು? ಅದನ್ನೂ ಅವರು ಮೊದಲೇ ಯೋಚಿಸಿದ್ದರು. ಗಂಧದೆಣ್ಣೆಯ ಕಥೆಯನ್ನೇ ನೋಡಿ. ನಮ್ಮ ಕಾಡಿನ ಗಂಧದ ಮರ ಆಗ ಹಡಗೇರಿ ಜರ್ಮನಿಗೆ ಹೋಗುತ್ತಿತ್ತು, ಎಣ್ಣೆ ಅಲ್ಲಿ ತೆಗೆಯುತ್ತಿದ್ದರು. ಮರ ನಮ್ಮದು, ಲಾಭ ಅವರದು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ವ್ಯಾಪಾರ ನಿಂತುಹೋಯಿತು. ಮರ ಕೊಳ್ಳುವವರಿಲ್ಲ, ಎಣ್ಣೆ ತೆಗೆಯುವ ವಿದ್ಯೆ ನಮಗೆ ಗೊತ್ತಿಲ್ಲ. ಆಗ ಸಂಸ್ಥಾನ ಮೊರೆಹೋದದ್ದು ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ. ಅಲ್ಲಿ ಪಾಠ ಹೇಳುತ್ತಿದ್ದ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ತಮ್ಮ ಪ್ರಯೋಗಶಾಲೆಯಲ್ಲಿ ಸಿದ್ಧಮಾಡಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಶುರುವಾಯಿತು, ಆಮೇಲೆ ಮೈಸೂರಿನಲ್ಲೂ ಆಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ರಸಾಯನಶಾಸ್ತ್ರಜ್ಞರನ್ನು ಇಂಗ್ಲೆಂಡಿಗೆ ಕಳಿಸಿ ಸಾಬೂನಿನ ವಿದ್ಯೆ ಕಲಿಸಿ ಕರೆತಂದರು. 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಕೆಲಸಕ್ಕೆ ನಿಂತಿತು. ನಮ್ಮ ಬಚ್ಚಲು ಮನೆಯ ಮೈಸೂರು ಸ್ಯಾಂಡಲ್ ಸೋಪಿನ ಹಿಂದೆ ಒಬ್ಬ ಮೇಷ್ಟ್ರು, ಒಬ್ಬ ದಿವಾನ, ಒಬ್ಬ ಮಹಾರಾಜ, ಒಂದು ಕಾರ್ಖಾನೆ ಇಷ್ಟೂ ಜನ ಕೈಜೋಡಿಸಿದ್ದಾರೆ. ಸಹಕಾರ ಅಂದರೆ ಇದೇ ತಾನೇ!

ಇನ್ನು ಅವರ ಬಾಳಿನ ಒಂದು ಕಷ್ಟದ ಮಾತು. ಹಿರಿಯರ ಜೀವನ ಬರೆಯುವಾಗ ಬರೀ ಹೊಗಳಿ ಮುಗಿಸಿದರೆ ಓದುಗರಿಗೆ ಮೋಸ ಮಾಡಿದಂತೆ. 1918ರಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯದವರಿಗೆ ತಕ್ಕ ಪಾಲು ಸಿಗಬೇಕೆಂದು ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆಯೊಂದೇ ಅಳತೆಗೋಲಾಗಬೇಕು ಎಂಬುದು ಅವರ ನಿಲುವು. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ಹಳ್ಳಿಯ ರೈತನ ಮಗ, ಕೂಲಿಯವನ ಮಗ ಓದಿನ ಬಾಗಿಲಿಗೇ ಬಾರದಿದ್ದ ಕಾಲದಲ್ಲಿ ಅರ್ಹತೆಯನ್ನು ಅಳೆಯುವುದಾದರೂ ಹೇಗೆ? ಈ ವಿಷಯದಲ್ಲಿ ಮಹಾರಾಜರು ಕಂಡದ್ದು ದಿವಾನರಿಗೆ ಕಾಣಲಿಲ್ಲ ಎಂದೇ ನಾವು ಹೇಳಬೇಕಾಗುತ್ತದೆ. ದಿವಾನರು ಕಾಲೇಜು ಕಟ್ಟಿದರು, ಮಹಾರಾಜರು ಎಲ್ಲರಿಗೂ ದಾರಿ ಬಿಡಿಸಿದರು. ಎರಡೂ ಆಗಿದ್ದರಿಂದಲೇ ನಮ್ಮಂಥ ಊರುಗಳಲ್ಲಿ ಇಂದು ಇಂಜಿನಿಯರುಗಳಿದ್ದಾರೆ.

ದಿವಾನಗಿರಿ ಬಿಟ್ಟರೂ ಅವರು ಕೆಲಸ ಬಿಡಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು ನಂಬಿಕೊಂಡು ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಏಳುತ್ತಿತ್ತು. 1923ರಲ್ಲಿ ಕಬ್ಬಿಣ ಹೊರಬರುವ ಹೊತ್ತಿಗೆ ಯುದ್ಧಕಾಲದ ಬೆಲೆ ಇಳಿದುಹೋಗಿತ್ತು. ನಷ್ಟ. ಈ ಬಿಳಿಯಾನೆ ಯಾಕೆ ಬೇಕಿತ್ತು ಎಂದು ಆಡಿಕೊಳ್ಳುವವರಿಗೆ ಬಾಯಿ ಸಿಕ್ಕಿತು. ಮಹಾರಾಜರ ಕೋರಿಕೆಯಂತೆ ಅದೇ ವರ್ಷ ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡರು. ಖರ್ಚಿಗೆ ಕಡಿವಾಣ ಹಾಕಿದರು. ಹೊರದೇಶದ ತಜ್ಞರ ಜಾಗದಲ್ಲಿ ನಮ್ಮ ನಾಡಿನ ಓದಿದ ಹುಡುಗರನ್ನು ನಿಲ್ಲಿಸಿ, ಕುಲುಮೆಯ ಮುಂದೆಯೇ ತರಬೇತಿ ಕೊಡಿಸಿದರು. ನಾಡಿನ ಓದಿಗೂ ನಾಡಿನ ಕಾರ್ಖಾನೆಗೂ ಕೊಡುಕೊಳ್ಳುವುದು ಬೆಳೆದದ್ದು ಹೀಗೆ. 1929ರವರೆಗೆ ಅವರು ಆ ಹೊಣೆ ಹೊತ್ತರು. ಕಾರ್ಖಾನೆ ಕಾಲೂರಿ ನಿಂತಿತು, ಮುಂದೆ ಅವರದೇ ಹೆಸರು ಹೊತ್ತಿತು.

ಇದರ ಮುಂದಿನ ಮಾತು ನಮ್ಮ ಸಂಘದ ಸದಸ್ಯರು ಮನಸ್ಸಿನಲ್ಲಿ ಇಟ್ಟುಕೊಳ್ಳುವಂಥದ್ದು. ಭದ್ರಾವತಿಯ ದುಡಿಮೆಗಾಗಿ ಅವರಿಗೆ ಸಲ್ಲಬೇಕಾದ ಸಂಭಾವನೆ ಸರ್ಕಾರದ ಬಳಿ ಉಳಿದಿತ್ತು. ಆ ಹಣ ನನಗೆ ಬೇಡ, ಅದರಲ್ಲಿ ಹುಡುಗರಿಗೆ ಕಸುಬು ಕಲಿಸುವ ಒಂದು ಸಂಸ್ಥೆ ತೆರೆಯಿರಿ ಎಂದು ಅವರು ತಿಳಿಸಿದರು. ಸಂಸ್ಥೆಗೆ ಅವರ ಹೆಸರಿಡಲು ಮುಂದಾದಾಗ ಒಪ್ಪದೆ ಮಹಾರಾಜರ ಹೆಸರಿಡುವಂತೆ ಮಾಡಿದರು. ಹೀಗೆ 1943ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದೇ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ, ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ಪದವಿ ಕಾಲೇಜು ಅಧಿಕಾರಿಗಳನ್ನು ತಯಾರು ಮಾಡಿದರೆ, ಇದು ಯಂತ್ರದ ಮುಂದೆ ನಿಂತು ಕೆಲಸ ತೆಗೆಯುವವರನ್ನು ತಯಾರು ಮಾಡಿತು. ಸಿನಿಮಾ ಛಾಯಾಗ್ರಹಣದಂಥ ಹೊಸ ಕಸುಬನ್ನೂ ಕಲಿಸಿತು. ಮೈಸೂರಿನ ವಿ.ಕೆ. ಮೂರ್ತಿಯವರು ಇಲ್ಲಿ ಕಲಿತು ಮುಂಬಯಿಗೆ ಹೋಗಿ, ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದು, ಫಾಲ್ಕೆ ಪ್ರಶಸ್ತಿ ಪಡೆದರು. ಭದ್ರಾವತಿಯ ಕುಲುಮೆಯಲ್ಲಿ ದುಡಿದ ಹಣ ಎಲ್ಲೆಲ್ಲಿಗೆ ಬೆಳಕು ಕೊಟ್ಟಿತು ನೋಡಿ!

ಕೈಗೂಡದ ಕನಸುಗಳೂ ಇದ್ದವು. ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು 1935ರ ಸುಮಾರಿಗೆ ಯೂರೋಪು, ಅಮೆರಿಕಾ ಸುತ್ತಿ ಯೋಜನೆ ತಯಾರಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಜೊತೆಯಾದರು. ಬ್ರಿಟಿಷ್ ಸರ್ಕಾರ ಕೈಹಿಡಿಯಲಿಲ್ಲ, ಆ ಕಾರ್ಖಾನೆ ಬೆಂಗಳೂರಿಗೆ ಬರಲಿಲ್ಲ. ಆದರೆ 1940ರಲ್ಲಿ ಅದೇ ವಾಲ್‌ಚಂದರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಎರಡೇ ವರ್ಷದಲ್ಲಿ, 1942ರಲ್ಲಿ, ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಶಾಸ್ತ್ರದ ವಿಭಾಗ ತೆರೆಯಿತು. ಆ ಸಂಸ್ಥೆಯ ಕೋರ್ಟಿನ ಅಧ್ಯಕ್ಷರಾಗಿ ಆಗ ಇದ್ದವರು ವಿಶ್ವೇಶ್ವರಯ್ಯನವರೇ. ಆ ವಿಭಾಗದಲ್ಲಿ ಪಾಠ ಹೇಳಿದ ವಿ.ಎಂ. ಘಾಟಗೆಯವರು ವಿಮಾನ ಕಾರ್ಖಾನೆಯಲ್ಲಿ ರೂಪಿಸಿದ ಎಚ್.ಟಿ.-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಪ್ರಯೋಗಶಾಲೆಯಿಂದ ಕಾರ್ಖಾನೆಗೆ ಇದ್ದ ದಾರಿ ಇಷ್ಟು ಹತ್ತಿರವಿತ್ತು.

ನಮ್ಮ ಜಿಲ್ಲೆಯಲ್ಲೂ ಇದೇ ನಡೆಯಿತು. ವಿಶ್ವೇಶ್ವರಯ್ಯನವರ ಕಾಲದಲ್ಲಿ ಹೆಬ್ಬಾಳದ ವ್ಯವಸಾಯ ಶಾಲೆಯನ್ನು ಕಟ್ಟಿದವರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ, ಕೆನಡಾ ದೇಶದ ಕೋಲ್ಮನ್ ಸಾಹೇಬರು. ಮುಂದೆ ವಿಶ್ವೇಶ್ವರಯ್ಯ ನಾಲೆಯಲ್ಲಿ ಕನ್ನಂಬಾಡಿ ನೀರು ಹರಿದಾಗ, ಈ ನೀರಿಗೆ ಕಬ್ಬು, ಕಬ್ಬಿಗೆ ಕಾರ್ಖಾನೆ ಎಂದು ಹಟ ಹಿಡಿದು 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿಗೆ ಕಾರಣರಾದವರೂ ಅವರೇ. ರೈತರೂ ಅದರ ಷೇರುದಾರರಾದರು. ಶಾಲೆ, ಹೊಲ, ಕಾರ್ಖಾನೆ ಮೂರೂ ಒಂದೇ ನೊಗಕ್ಕೆ ಹೆಗಲು ಕೊಟ್ಟ ಕಾಲ ಅದು. 1940ರಲ್ಲಿ ನಮ್ಮ ಪಕ್ಕದ ಶಿಂಷಾಪುರದಲ್ಲೂ ವಿದ್ಯುತ್ ಕೇಂದ್ರ ಆಯಿತು.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಸಂದಿತು. ನೂರು ತುಂಬಿದ ಬಾಳನ್ನು ಬಾಳಿ 1962ರ ಏಪ್ರಿಲ್ 14ರಂದು ಅವರು ತೀರಿಕೊಂಡರು. ಅದೇ ವರ್ಷ ಮಂಡ್ಯದಲ್ಲಿ ಕೆ.ವಿ. ಶಂಕರಗೌಡರ ಮುಂದಾಳತ್ವದಲ್ಲಿ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಬೆಂಗಳೂರಿಗೆ ಹೋಗಲಾಗದ ಹಳ್ಳಿಯ ಮಕ್ಕಳಿಗೆ ಜಿಲ್ಲೆಯಲ್ಲೇ ಇಂಜಿನಿಯರಿಂಗ್ ವಿದ್ಯೆ ಸಿಕ್ಕಿತು. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಹಿಡಿದರು.

ಈಗ ಕಾಲೇಜುಗಳಿಗೆ ಕೊರತೆಯಿಲ್ಲ. ಆದರೆ ಎಷ್ಟೋ ಕಡೆ ಪಾಠ ಹೇಳುವ ಮೇಷ್ಟ್ರು ಕಾರ್ಖಾನೆಯ ಒಳಗೆ ಕಾಲಿಟ್ಟಿರುವುದಿಲ್ಲ, ಕಾರ್ಖಾನೆಯವರು ಕಾಲೇಜಿನ ಕಡೆ ತಲೆ ಹಾಕಿರುವುದಿಲ್ಲ. ನಡುವೆ ಸಿಕ್ಕಿ ನರಳುವವರು ಸಾಲ ಮಾಡಿ ಓದಿಸಿದ ತಂದೆತಾಯಿ. ಆದ್ದರಿಂದ ಮಕ್ಕಳನ್ನು ಸೇರಿಸುವ ಮುನ್ನ ಫೀಸು ಎಷ್ಟು, ಹಾಸ್ಟೆಲ್ ಇದೆಯೇ ಎಂದು ಕೇಳುವ ಜೊತೆಗೆ ಇನ್ನೆರಡು ಮಾತು ಕೇಳಿ ಎಂದು ಸದಸ್ಯರಲ್ಲಿ ನಮ್ಮ ವಿನಂತಿ. ಇಲ್ಲಿನ ಅಧ್ಯಾಪಕರಿಗೆ ಯಾವ ಕಾರ್ಖಾನೆಯ ಒಡನಾಟ ಇದೆ? ನಮ್ಮ ಹುಡುಗ ಎಷ್ಟು ತಿಂಗಳು ಯಂತ್ರದ ಮುಂದೆ ನಿಂತು ಕಲಿಯುತ್ತಾನೆ? ಕೇಳುವವರು ಹೆಚ್ಚಿದರೆ ಹೇಳುವವರೂ ಎಚ್ಚರವಾಗ್ತಾರೆ.

ನಮ್ಮ ಸಂಘವೂ ಸುಮ್ಮನೆ ಕೂರಬೇಕಾಗಿಲ್ಲ. ಪಂಪ್‌ಸೆಟ್ ಸುಟ್ಟುಹೋಗುವುದು ಯಾಕೆ, ದಾಸ್ತಾನು ಮಾಡಿದ ರಾಗಿಗೆ ಹುಳು ಬೀಳದಂತೆ ಏನು ಮಾಡಬೇಕು, ಇಂಥವು ನಮ್ಮ ದಿನನಿತ್ಯದ ಪಾಡು. ಇವನ್ನೇ ಬರೆದು ಜಿಲ್ಲೆಯ ಪಾಲಿಟೆಕ್ನಿಕ್, ಕೃಷಿ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಿಗೆ ಕಳಿಸಿ, ವಿದ್ಯಾರ್ಥಿಗಳ ಜೊತೆ ಊರಿಗೆ ಬನ್ನಿ ಎಂದು ಕರೆಯಬಹುದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದಕ್ಕೊಂದು ಠರಾವು ಆಗಲಿ. ಗಂಧದ ಮರದ ಕಷ್ಟವನ್ನು ಪ್ರಾಧ್ಯಾಪಕರ ಮುಂದೆ ಇಟ್ಟಿದ್ದರಿಂದಲೇ ಕಾರ್ಖಾನೆ ಹುಟ್ಟಿತು. ನಮ್ಮ ಕಷ್ಟವನ್ನೂ ತಿಳಿದವರ ಮುಂದೆ ಇಡೋಣ. ಸಂಘಕ್ಕೂ ಊರಿಗೂ ಒಳ್ಳೆಯದಾಗಲಿ.