ಶಾಂತವೇರಿ ಗೋಪಾಲಗೌಡ: ಕೊಳಗದ ಜಗಳದಿಂದ ವಿಧಾನಸಭೆಗೆ ಹೋದ ಯುವ ಶಾಸಕ

ಚುನಾವಣೆಗೆ ನಿಲ್ಲಲು ಎಷ್ಟು ಕೋಟಿ ಬೇಕು ಎಂಬ ಲೆಕ್ಕ ಈಗ ಹಳ್ಳಿಯ ಕಟ್ಟೆಯಲ್ಲೂ ನಡೆಯುತ್ತದೆ. ಆದರೆ 1952ರಲ್ಲಿ ಮಲೆನಾಡಿನ ಸಾಗರ-ಹೊಸನಗರ ಕ್ಷೇತ್ರದಲ್ಲಿ ಗೆದ್ದ ಅಭ್ಯರ್ಥಿಯ ಕಿಸೆಯಲ್ಲಿ ಹೇಳಿಕೊಳ್ಳುವಂಥ ದುಡ್ಡಿರಲಿಲ್ಲ. ಮತದ ಜತೆ ಒಂದು ರೂಪಾಯಿಯನ್ನೂ ಜನರಿಂದಲೇ ಕೇಳಿ ಪ್ರಚಾರ ನಡೆಸಿದವರು ಶಾಂತವೇರಿ ಗೋಪಾಲಗೌಡ. ಆಗ ಅವರಿಗಿನ್ನೂ 30 ತುಂಬಿರಲಿಲ್ಲ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ಬಡ ಕುಟುಂಬ. ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಜೈಲು ಕಂಡರು. ಹೊರಬಂದ ಮೇಲೆ ಹಿಡಿದದ್ದು ಸಮಾಜವಾದಿ ಪಕ್ಷದ ದಾರಿ.

ಅವರನ್ನು ನಾಡಿಗೆ ಪರಿಚಯಿಸಿದ್ದು ಸಾಗರ ತಾಲೂಕಿನ ಕಾಗೋಡು ಎಂಬ ಪುಟ್ಟ ಊರು. ಅಲ್ಲಿ ಉಳುವವರು ಬಹುಪಾಲು ದೀವರು. ಭೂಮಿ ಮಾತ್ರ ಒಡೆಯರದ್ದು. ಜಗಳ ಹತ್ತಿದ್ದು ಕೊಳಗದ ವಿಚಾರಕ್ಕೆ. ಭತ್ತ ಅಳೆಯುವ ಈ ಮಾಪು ಗೇಣಿ ತೆಗೆದುಕೊಳ್ಳುವಾಗ ಸರ್ಕಾರಿ ಅಳತೆಗಿಂತ ದೊಡ್ಡದಾಗಿರುತ್ತಿತ್ತು. ವರ್ಷವಿಡೀ ಕೆಸರಲ್ಲಿ ದುಡಿದವನ ಅನ್ನ ಕಣದಲ್ಲೇ, ಅವನ ಕಣ್ಣೆದುರೇ ಕರಗುತ್ತಿತ್ತು. ಎಚ್. ಗಣಪತಿಯಪ್ಪ ಗೇಣಿದಾರರನ್ನು ಸಂಘಟಿಸಿದರು. ನ್ಯಾಯದ ಅಳತೆ ಕೇಳಿದವರಿಗೆ ಸಿಕ್ಕ ಉತ್ತರ, ಗದ್ದೆ ಬಿಟ್ಟು ಹೋಗಿ ಎಂಬುದು.

1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಅದೇ ಗದ್ದೆಗಿಳಿದರು. ಬಂಧನ ಶುರುವಾಯಿತು. ಒಂದು ತಂಡ ಜೈಲಿಗೆ ಹೋದರೆ ಮತ್ತೊಂದು ತಂಡ ಉಳಲು ಬಂತು. ಸಮಾಜವಾದಿ ಪಕ್ಷ ಹೋರಾಟವನ್ನು ಕೈಗೆತ್ತಿಕೊಂಡಾಗ ಮುಂಚೂಣಿಯಲ್ಲಿದ್ದವರು ಗೋಪಾಲಗೌಡ. ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದರು. ಕೊಳಗದ ಜಗಳ ದೇಶದ ಸುದ್ದಿಯಾಯಿತು. ಹಾಗೆಂದು ಗದ್ದೆ ಆಗಲೇ ರೈತರ ಕೈಸೇರಲಿಲ್ಲ.

ಕೆಲವೇ ತಿಂಗಳಲ್ಲಿ ಮೊದಲ ಚುನಾವಣೆ ಬಂತು. 99 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ ಕಾಂಗ್ರೆಸ್ 74 ಗೆದ್ದರೆ, ಸಮಾಜವಾದಿಗಳಿಗೆ ದಕ್ಕಿದ್ದು ಬರೀ ಮೂರು. ಅದರಲ್ಲೊಂದು ಗೋಪಾಲಗೌಡರದ್ದು. ಅವರು ಓಡಾಡಿ ಮತ ಕೇಳಿದ ಆ ಸೀಮೆಯ ಎಷ್ಟೋ ಹಳ್ಳಿಗಳು ಈಗ ನಕ್ಷೆಯಲ್ಲಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಶರಾವತಿಯಲ್ಲಿ ಮುಳುಗಿದವು.

ಸದನದಲ್ಲಿ ಅವರು ಗೇಣಿದಾರರ ಪರ ಮಾತ್ರ ನಿಂತವರಲ್ಲ. ಕರ್ನಾಟಕ ಏಕೀಕರಣಕ್ಕೆ ಹಳೇ ಮೈಸೂರಿನ ಹಲವು ನಾಯಕರೇ ಅಡ್ಡ ಮಾತಾಡುತ್ತಿದ್ದ ಕಾಲದಲ್ಲಿ ಅದರ ಪರ ಗಟ್ಟಿ ದನಿ ಎತ್ತಿದರು. ಹೊಸ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೇ ಬೇಕೆಂದು ಹಟ ಹಿಡಿದರು.

ಇಷ್ಟಾದರೂ ಜನ ಅವರನ್ನು ಸದಾ ಗೆಲ್ಲಿಸಲಿಲ್ಲ. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ಮತ್ತೆ ಗೆದ್ದರು. ಅದೇ 1967ರಲ್ಲಿ ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್ ದಕ್ಷಿಣ ಮುಂಬೈನಲ್ಲಿ ಎಸ್.ಕೆ. ಪಾಟೀಲರನ್ನು ಮಣಿಸಿದರು. ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ.ಎಚ್. ಪಟೇಲ್ ಅಲ್ಲಿ ಕನ್ನಡದಲ್ಲಿ ಮಾತಾಡಿದರು. ಸೊರಬದಿಂದ ಎಸ್. ಬಂಗಾರಪ್ಪ ಶಾಸಕರಾದರು. ಪಟೇಲ್, ಬಂಗಾರಪ್ಪ ಇಬ್ಬರೂ ಮುಂದೆ ಮುಖ್ಯಮಂತ್ರಿ ಹುದ್ದೆಗೇರಿದರು. ಗೋಪಾಲಗೌಡರು ಮಾತ್ರ ಮಂತ್ರಿಯೂ ಆಗಲಿಲ್ಲ.

ಸಾಹಿತ್ಯವೆಂದರೆ ಅವರಿಗೆ ಪ್ರಾಣ. ಕವಿ ಗೋಪಾಲಕೃಷ್ಣ ಅಡಿಗರ ಜತೆಗೂ ಯು.ಆರ್. ಅನಂತಮೂರ್ತಿ ಅವರ ಜತೆಗೂ ಗಾಢ ಸ್ನೇಹವಿತ್ತು. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ಕೃಷ್ಣಪ್ಪಗೌಡನಲ್ಲಿ ಓದುಗರು ಗೋಪಾಲಗೌಡರನ್ನೇ ಕಂಡರು. ಅದು ಸಿನಿಮಾ ಆದಾಗ ಆ ಪಾತ್ರ ಮಾಡಿದ್ದು ಅನಂತ್‌ನಾಗ್. ಕಾದಂಬರಿಯನ್ನು ಜೀವನಚರಿತ್ರೆಯೆಂದು ಓದುವುದು ತಪ್ಪಾದೀತು, ಆದರೆ ಹಾಸಿಗೆ ಹಿಡಿದ ಆ ನಾಯಕನ ಸಂಕಟ ಊಹೆಯದ್ದಲ್ಲ. ಗೋಪಾಲಗೌಡರ ಕೊನೆಯ ದಿನಗಳೂ ಕಾಯಿಲೆಯಲ್ಲೇ ಕಳೆದವು. 1972ರ ಜೂನ್ 9ರಂದು ತೀರಿಕೊಂಡಾಗ ಅವರಿಗೆ 49 ವರ್ಷ.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿ ಪದ್ಧತಿ ರದ್ದಾಯಿತು. ಕೊಳಗದ ಅಳತೆಗಾಗಿ ಜೈಲಿಗೆ ಹೋಗಿದ್ದವರ ಸೀಮೆಯಲ್ಲೂ ಗೇಣಿದಾರರು ತಾವು ಉಳುತ್ತಿದ್ದ ಗದ್ದೆ ತಮ್ಮದೆಂದು ನಮೂನೆ 7 ತುಂಬಿ ಅರ್ಜಿ ಹಾಕಿದರು.