ಶಿಷ್ಯನ ಒತ್ತಾಯಕ್ಕೆ ನಿರ್ದೇಶಕಿಯಾದ ಅಧ್ಯಾಪಕಿ: ಕ್ಯಾಥ್ಲೀನ್ ಕಾಲಿನ್ಸ್

ಆಫ್ರಿಕನ್-ಅಮೆರಿಕನ್ ನಾಟಕಕಾರ್ತಿ, ಚಿತ್ರ ನಿರ್ದೇಶಕಿ ಕ್ಯಾಥ್ಲೀನ್ ಕಾಲಿನ್ಸ್ 1942ರಲ್ಲಿ ಅಮೆರಿಕದ ಜೆರ್ಸಿ ಸಿಟಿಯಲ್ಲಿ ಜನಿಸಿದರು. ವಿದ್ಯಾರ್ಥಿನಿಯಾಗಿದ್ದಾಗಲೇ ಜಾರ್ಜಿಯಾಕ್ಕೆ ಹೋಗಿ ಕಪ್ಪುವರ್ಣೀಯರ ಮತದಾರ ನೋಂದಣಿಗೆ ದುಡಿದರು. ಮುಂದೆ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಸಿನಿಮಾ ವಿಷಯ ಬೋಧಿಸಿದರು.

1970ರ ದಶಕದ ಆರಂಭದಲ್ಲಿ ಅವರು ಬರೆದ ಚಿತ್ರಕಥೆಗೆ ಹಣ ಹೂಡುವವರು ಸಿಗಲಿಲ್ಲ. ಆಸೆ ಕೈಬಿಟ್ಟಿದ್ದ ಅವರನ್ನು ಚಿತ್ರ ಮಾಡಲೇಬೇಕೆಂದು ಒತ್ತಾಯಿಸಿದವರು ಅವರ ವಿದ್ಯಾರ್ಥಿ ರೊನಾಲ್ಡ್ ಗ್ರೇ. 1980ರಲ್ಲಿ ಮೊದಲ ಚಿತ್ರ ಸಿದ್ಧವಾಯಿತು. 1982ರ ‘ಲೂಸಿಂಗ್ ಗ್ರೌಂಡ್’ಗೆ ಗ್ರೇ ಅವರೇ ಛಾಯಾಗ್ರಾಹಕರು.

ಅದರ ನಾಯಕಿ ಸಾರಾ ತತ್ತ್ವಶಾಸ್ತ್ರದ ಪ್ರಾಧ್ಯಾಪಕಿ. ಮನುಷ್ಯ ಮೈಮರೆಯುವ ಅನುಭವವನ್ನು ಪುಸ್ತಕಗಳಲ್ಲಿ ಹುಡುಕುವ ಆಕೆ, ವಿದ್ಯಾರ್ಥಿಯೊಬ್ಬನ ಚಿತ್ರದಲ್ಲಿ ನಟಿಸುತ್ತಾ ತನ್ನ ಬದುಕನ್ನೇ ಹೊಸದಾಗಿ ನೋಡತೊಡಗುತ್ತಾಳೆ.

ಕಾಲಿನ್ಸ್ ಬದುಕಿದ್ದಾಗ ಈ ಚಿತ್ರ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗಲಿಲ್ಲ. 1988ರಲ್ಲಿ, 46ನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ಅವರು ತೀರಿಕೊಂಡರು. ಮಗಳು ನೀನಾ ಅವರ ಪ್ರಯತ್ನದಿಂದ ಚಿತ್ರ ಪುನರುಜ್ಜೀವನಗೊಂಡು 2015ರಲ್ಲಿ ತೆರೆಕಂಡಿತು.

ತರಗತಿಯಲ್ಲಿ ಕಲಿಕೆ ಎರಡೂ ಕಡೆಗೆ ಹರಿಯುತ್ತದೆಂಬುದಕ್ಕೆ ಪ್ರಶಿಕ್ಷಣಾರ್ಥಿಗಳಿಗೆ ಈ ಜೀವನ ಸಾಕ್ಷಿ. ವಿದ್ಯಾರ್ಥಿಯ ಮಾತಿಗೆ ಅಧ್ಯಾಪಕಿ ಕಿವಿಗೊಡದಿದ್ದರೆ ಆ ಚಿತ್ರಗಳು ಹುಟ್ಟುತ್ತಿರಲಿಲ್ಲವೇನೋ.