ಮ್ಯಾಕ್ಸ್ ಬಾರ್ನ್ ಬೆಂಗಳೂರಿನಲ್ಲಿದ್ದ ದಿನಗಳು

ಪ್ರಥಮ ಪಿಯುಸಿ ರಸಾಯನಶಾಸ್ತ್ರದಲ್ಲಿ ಪರಮಾಣುವಿನ ರಚನೆಯ ಪಾಠ ಓದಿದವರಿಗೆಲ್ಲ ‘ಸೈ’ಯ ವರ್ಗ ಗೊತ್ತು. ಎಲೆಕ್ಟ್ರಾನ್ ಎಲ್ಲಿ ಸಿಗುವ ಸಂಭವ ಎಷ್ಟು ಎಂದು ಅದು ತಿಳಿಸುತ್ತದೆ. ಅಷ್ಟು ಬರೆದರೆ ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ಆ ಅರ್ಥವನ್ನು ಕೊಟ್ಟ ವಿಜ್ಞಾನಿ, ತನ್ನ ದೇಶ ಬಿಟ್ಟು ಬರಬೇಕಾದಾಗ ಕೆಲವು ತಿಂಗಳು ನಮ್ಮ ಬೆಂಗಳೂರಿನಲ್ಲೇ ಇದ್ದರೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು.

ಮ್ಯಾಕ್ಸ್ ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಜರ್ಮನಿಯ ಬ್ರೆಸ್ಲಾವ್ ನಗರದ ಯಹೂದಿ ಮೂಲದ ಕುಟುಂಬದಲ್ಲಿ. ನಾಲ್ಕನೇ ವಯಸ್ಸಿನಲ್ಲೇ ತಾಯಿ ತೀರಿಕೊಂಡರು. ಮುಂದೆ ಗಾಟಿಂಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1925ರಲ್ಲಿ ಅವರ ಸಹಾಯಕ ಹೈಸೆನ್‌ಬರ್ಗ್ ಒಂದು ಹೊಸ ಲೆಕ್ಕ ತಂದಾಗ, ಅದು ಮ್ಯಾಟ್ರಿಕ್ಸ್ ಗಣಿತ ಎಂದು ಗುರುತಿಸಿದವರು ಬಾರ್ನ್. ಮರುವರ್ಷ ವೇವ್ ಫಂಕ್ಷನ್‌ನ ವರ್ಗವೆಂದರೆ ಸಂಭವನೀಯತೆ ಎಂದು ಸೂಚಿಸಿದರು. ಇಷ್ಟು ದೊಡ್ಡ ಮಾತು ಮೊದಲು ಅಚ್ಚಾದದ್ದು ಲೇಖನದ ಒಂದು ಅಡಿಟಿಪ್ಪಣಿಯಲ್ಲಿ!

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ನಮ್ಮೂರ ದಫ್. ಅದರ ಚರ್ಮವನ್ನು ಅಂಚಿನಲ್ಲಿ ಬಿಗಿದಿರುವುದರಿಂದ ಅದು ಮನಬಂದಂತೆ ಕಂಪಿಸಲಾರದು, ಕೆಲವೇ ಸ್ವರಗಳನ್ನು ಕೊಡುತ್ತದೆ. ಅದೇ ಚರ್ಮವನ್ನು ಅಷ್ಟೇ ಬಿಗಿಯಾಗಿ ಚಿಕ್ಕ ಬಳೆಗೆ ಕಟ್ಟಿದರೆ ಸ್ವರ ಏರುತ್ತದೆ. ಪುಟ್ಟ ಜಾಗದಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನ್ ಅಥವಾ ಪರಮಾಣು ಕೂಡ ಹೀಗೆಯೇ. ಅದಕ್ಕೆ ಕೆಲವು ನಿಗದಿತ ಶಕ್ತಿಮಟ್ಟಗಳು ಮಾತ್ರ ಇರುತ್ತವೆ. ಪೆಟ್ಟಿಗೆಯ ಅಗಲವನ್ನು ಅರ್ಧ ಮಾಡಿದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದರೆ ಅದು ಪೆಟ್ಟಿಗೆಯ ಯಾವ ಮೂಲೆಯಲ್ಲಿದೆ ಎಂದು ಮೊದಲೇ ಹೇಳಲಾಗದು. ಎಲ್ಲಿ ಸಿಗುವ ಸಂಭವ ಎಷ್ಟು ಎಂದಷ್ಟೇ ಹೇಳಬಹುದು. ಆ ಉತ್ತರ ಸಿಗುವುದು ಬಾರ್ನ್ ನಿಯಮದಿಂದ.

1933ರಲ್ಲಿ ಹಿಟ್ಲರನ ಸರ್ಕಾರ ಯಹೂದಿ ಮೂಲದ ಪ್ರಾಧ್ಯಾಪಕರನ್ನು ಹುದ್ದೆಗಳಿಂದ ಹೊರಹಾಕಿತು. ಬಾರ್ನ್ ಕುಟುಂಬದೊಂದಿಗೆ ಜರ್ಮನಿ ಬಿಟ್ಟು ಕೇಂಬ್ರಿಜ್ ಸೇರಿದರು. ಅಲ್ಲಿದ್ದದ್ದು ತಾತ್ಕಾಲಿಕ ಕೆಲಸ. ಆಗ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರನ್ನು ಬೆಂಗಳೂರಿಗೆ ಕರೆದರು. 1935ರ ಕೊನೆಯಿಂದ 1936ರವರೆಗೆ ಬಾರ್ನ್ ಪತ್ನಿ ಹೆಡ್ವಿಗ್ ಜೊತೆ ಇಲ್ಲಿದ್ದು ಪಾಠ ಮಾಡಿದರು. ಅವರನ್ನು ಖಾಯಂ ಆಗಿ ಉಳಿಸಿಕೊಳ್ಳಬೇಕೆಂಬುದು ರಾಮನ್ ಅವರ ಆಸೆ. ಆದರೆ ಸಂಸ್ಥೆಯ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು, ಬಾರ್ನ್ ಎದುರಿನಲ್ಲೇ, ಸ್ವದೇಶದಿಂದ ಓಡಿಸಲ್ಪಟ್ಟ ಎರಡನೇ ದರ್ಜೆಯವರು ನಮಗೆ ಬೇಡ ಎಂಬ ಅರ್ಥದಲ್ಲಿ ಮಾತನಾಡಿದರು. ಆ ದಿನ ಮನೆಗೆ ಮರಳಿ ಪತ್ನಿಯ ಮುಂದೆ ಅತ್ತುಬಿಟ್ಟೆನೆಂದು ಬಾರ್ನ್ ನಂತರ ನೆನಪಿಸಿಕೊಂಡಿದ್ದಾರೆ. ಹುದ್ದೆ ಕೈಗೂಡಲಿಲ್ಲ.

1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನು ಬರಮಾಡಿಕೊಂಡಿತು. 1953ರವರೆಗೆ ಅಲ್ಲೇ ಕಲಿಸಿದರು. ಹೈಸೆನ್‌ಬರ್ಗ್‌ಗೆ 1932ರ ನೊಬೆಲ್ ಸಿಕ್ಕಿದಾಗ ಬಾರ್ನ್ ಹೆಸರು ಇರಲಿಲ್ಲ. ಅವರಿಗೆ ಅದು ಬಂದದ್ದು 1954ರಲ್ಲಿ, ಅಡಿಟಿಪ್ಪಣಿ ಬರೆದು 28 ವರ್ಷಗಳ ನಂತರ. ಮರುವರ್ಷ ಅಣ್ವಸ್ತ್ರಗಳ ವಿರುದ್ಧದ ರಸೆಲ್–ಐನ್‌ಸ್ಟೈನ್ ಪ್ರಣಾಳಿಕೆಗೆ ಸಹಿ ಹಾಕಿದ 11 ಮಂದಿಯಲ್ಲಿ ಅವರೂ ಒಬ್ಬರು. ತನ್ನನ್ನು ಹೊರಹಾಕಿದ ದೇಶಕ್ಕೇ ಮುಪ್ಪಿನಲ್ಲಿ ಮರಳಿ, 1970ರ ಜನವರಿ 5ರಂದು ಗಾಟಿಂಗನ್‌ನಲ್ಲಿ ನಿಧನರಾದರು. ಅವರ ಗೋರಿಯ ಕಲ್ಲಿನ ಮೇಲೆ ಕ್ವಾಂಟಂ ಸಿದ್ಧಾಂತದ ಒಂದು ಸಮೀಕರಣ ಕೆತ್ತಲಾಗಿದೆ.

1948ರಲ್ಲಿ ರಾಮನ್ ಕಟ್ಟಿದ ಬೆಂಗಳೂರಿನ ಸಂಶೋಧನಾ ಸಂಸ್ಥೆಯಲ್ಲಿ ಇಂದು ಲೇಸರ್ ಬೆಳಕಿನಿಂದ ಪರಮಾಣುಗಳನ್ನು ತಣಿಸಿ, ಪುಟ್ಟ ಜಾಗದಲ್ಲಿ ಹಿಡಿದಿಟ್ಟು ಪರೀಕ್ಷಿಸುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಿಂದ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಆ ಊರು ತಲುಪುತ್ತೇವೆ. ನಮ್ಮಲ್ಲಿ ಯಾರಾದರೂ ಮುಂದೆ ಅಲ್ಲಿಗೆ ಓದಲು ಹೋದರೆ, ಅಲ್ಲಿ ಬಳಸುವ ಲೆಕ್ಕ ಆ ಊರಿನಲ್ಲಿ ಜಾಗ ಸಿಗದೇ ಹೋದ ಈ ಮೇಷ್ಟ್ರದ್ದೇ ಆಗಿರುತ್ತದೆ.